ಛತ್ರಿಯ ಸೊಟ್ಟ ತಲೆ

"ಬಂತೇನು?" ಮಾಳಿಗೆಯ ಮೇಲಿಂದ ಶಬ್ಬೀರ್ ಮಾಮು ಕೂಗಿದರು.

"ಇಲ್ರೀ!" ಟಿವಿಯ ಮುಂದೆ ಕೂತಿದ್ದ ಕೌಸರ್ ಕೂಗಿದಳು.

"ಈಗ?"

"ಈಗೂ ಇಲ್ಲ! ಭಜನಿ ಚಾನಲ್ ಬಂದದ, ನ್ಯೂಸ್ ಬಂದದ. ನಾನಾಂದು ಬರವಲ್ದು!"

ನಾನಾಂದು ಅಂದರೆ ನಾನಾ ಕಾಣಿಸಿಕೊಳ್ಳುವ ಚಾನಲ್ಲು. ಕೌಸರಳ ನಾನಾ, ಅಮ್ಮಿಯ ಅಪ್ಪ ಕರೀಂಸಾಬ್, ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆಯುವವರು. ಹೋದ ತಿಂಗಳು ಟಿವಿಯವರು ತೋಟಕ್ಕೆ ಬಂದು ಅವರನ್ನು ಮಾತಾಡಿಸಿ ಹೋಗಿದ್ದರು. ಅದು ಇವತ್ತು, ಭಾನುವಾರ ಸಂಜೆ ಆರಕ್ಕೆ ಬರುವುದಿತ್ತು. ನೋಡಲೆಂದೇ ಕೌಸರ್ ಅಮ್ಮಿಯ ಜೊತೆ ನಿನ್ನೆ ಕಲಬುರಗಿಯಿಂದ ಬಸ್ ಹತ್ತಿ ಬಂದಿದ್ದಳು.

ನಾನಾ ಮೂರು ಗಂಟೆಗೇ ಇಸ್ತ್ರಿ ಅಂಗಿ ತೊಟ್ಟು, ಟೊಪ್ಪಿಗೆ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದರು. "ಮೊಬೈಲ್‌ನಾಗ ನೋಡೋಣೇನು ಅಬ್ಬಾ?" ಎಂದು ಅಮ್ಮಿ ಕೇಳಿದರೆ, "ನಕ್ಕೊ, ನಕ್ಕೊ, ಬ್ಯಾಡ! ಮೊಬೈಲ್‌ನಾಗ ನಾ ಒಂದು ಬಾಳಿಹಣ್ಣಿನಷ್ಟ ಕಾಣ್ತೀನಿ," ಅಂದುಬಿಟ್ಟರು.

ಅವರಿಗೆ ಎಡಗಿವಿ ಸ್ವಲ್ಪ ಮಂದ. ಯಾರೇ ಮಾತಾಡಿದರೂ ತಲೆ ವಾಲಿಸಿ, ಬಲಗಿವಿ ಮುಂದೆ ಮಾಡಿ ಕೇಳುತ್ತಾರೆ. ಈಗಲೂ ಹಾಗೇ ವಾಲಿಸಿ, "ಬಂತೇನು ಬೇಟಾ?" ಅಂದರು.

"ಬರ್ತದ ನಾನಾ," ಅಂದಳು ಕೌಸರ್. ರಿಮೋಟನ್ನು ಮತ್ತೊಮ್ಮೆ ಒತ್ತಿ ನೋಡಿದಳು.

ಅಷ್ಟರಲ್ಲಿ ಮೇಲಿಂದ ಮಾಮುವಿನ ದನಿ ಗುಡುಗಿತು. "ದಾನಿಶ್! ಏ ದಾನಿಶ್! ಬಾ ಇಲ್ಲಿ! ಛತ್ರಿಗೆ ಮಾಂಜಾ ಸುತ್ತ್ಯಾದ ನೋಡು. ನಿನ್ನ ಪತಂಗದ್ದೇ ಕೆಲಸ ಇದು!"

ಇವರೆಲ್ಲ ಛತ್ರಿ ಅನ್ನುವುದು ಡಿಶ್‌ಗೆ. ಮಳೆಯ ಛತ್ರಿಯಲ್ಲ. ಮಾಂಜಾ ಅಂದರೆ ಗಾಳಿಪಟದ ದಾರ.

"ಅಬ್ಬಾ, ಅದು ಹಳೀ ಮಾಂಜಾ ರೀ! ಸಂಕ್ರಾಂತಿದು!" ಅಂದ ಮಾಮುವಿನ ಮಗ ದಾನಿಶ್. ಯಾರು ಕೇಳಬೇಕು? ಗಾಳಿಪಟ ಹಾರಿಸುವವನ ಮಾತನ್ನು ಟಿವಿ ಕೆಟ್ಟ ದಿನ ಯಾರೂ ನಂಬುವುದಿಲ್ಲ. ಮಾಮು ಅವನ ಹಸಿರು ಗಾಳಿಪಟ ಕಿತ್ತುಕೊಂಡು ಅಲಮಾರಿಯ ಮೇಲೆ ಎಸೆದು ಮತ್ತೆ ಮಾಳಿಗೆ ಹತ್ತಿದರು. ದಾನಿಶ್ ಮೆಟ್ಟಿಲ ಮೇಲೆ ಮುಖ ಊದಿಸಿ ಕೂತ. ಅವನ ಕಣ್ಣು ಕೆಂಪಗಾಗಿತ್ತು.

ಕೌಸರಳಿಗೆ ಅವನ ಕಡೆ ನೋಡಲಾಗಲಿಲ್ಲ. ಯಾಕೆಂದರೆ ತಪ್ಪು ಯಾರದ್ದೆಂದು ಅವಳಿಗೆ ಟಿವಿ ಕೆಟ್ಟಾಗಿನಿಂದಲೂ ಅನುಮಾನವಿತ್ತು.

ಅವಳ ಅಬ್ಬಾ ಝಹೀರ್ ಅವರದು ಕಲಬುರಗಿಯ ಜಗತ್ ಬಡಾವಣೆಯಲ್ಲಿ ಫೋಟೊ ಫ್ರೇಮಿನ ಅಂಗಡಿ. ಸೊಟ್ಟಗಿರುವುದು ಏನು ಕಂಡರೂ ಅವರ ಕೈ ಸುಮ್ಮನಿರುವುದಿಲ್ಲ. ಹೋಟೆಲಿಗೆ ಹೋದರೆ ಚಹಾ ಬರುವ ಮೊದಲು ಅಲ್ಲಿನ ಕ್ಯಾಲೆಂಡರ್ ನೆಟ್ಟಗಾಗಿರುತ್ತದೆ. ಮಗಳೂ ಅದೇ ಅಚ್ಚು. ಶಾಲೆಯಲ್ಲಿ ಡೆಸ್ಕು, ಮನೆಯಲ್ಲಿ ಚಪ್ಪಲಿ, ಎಲ್ಲ ಗೆರೆ ಎಳೆದ ಹಾಗಿರಬೇಕು. ಫೋಟೊ ತೆಗೆಯುವಾಗ ನಾನಾಗೂ ಬಿಡುವವಳಲ್ಲ. "ತಲಿ ನೆಟ್ಟಗ ಮಾಡ್ರಿ ನಾನಾ!"

ಇವತ್ತು ಬೆಳಿಗ್ಗೆ ಅವಳು ಮಾಳಿಗೆ ಹತ್ತಿದ್ದಳು. ನಾನಾ ಟಿವಿಯಲ್ಲಿ ಬರುವ ದಿನ ಛತ್ರಿ ಹೊಲಸಾಗಿದ್ದರೆ ಹೇಗೆ? ಹಸಿ ಬಟ್ಟೆಯಿಂದ ಥಳಥಳ ಒರೆಸಿದಳು. ಛತ್ರಿಯ ಮುಂದೆ ಉದ್ದನೆಯ ಕೈಯೊಂದಿದೆ, ಅದರ ತುದಿಯಲ್ಲಿ ಗುಂಡು ತಲೆಯ ಒಂದು ಡಬ್ಬಿ. ಛೇ, ಡಬ್ಬಿ ಸೊಟ್ಟ ಕೂತಿತ್ತು! ಸ್ಕ್ರೂ ಸಡಿಲವೇ ಇತ್ತು. ತಿರುವಿ ನೆಟ್ಟಗೆ ಮಾಡಿ, ದೂರ ನಿಂತು ನೋಡಿ ಖುಷಿಪಟ್ಟು ಇಳಿದಿದ್ದಳು.

ಊರಿನ ಡಿಶ್ ಮೆಕ್ಯಾನಿಕ್ ಮದುವೆಗೆ ಹೋಗಿದ್ದ. ಗಡಿಯಾರದಲ್ಲಿ ಐದು ಗಂಟೆ. ಕೌಸರ್ ಅಮ್ಮಿಯ ಫೋನ್ ತೆಗೆದುಕೊಂಡು ಹಿತ್ತಲಿಗೆ ಓಡಿ ಅಬ್ಬಾಗೆ ವಿಡಿಯೊ ಕಾಲ್ ಮಾಡಿದಳು.

"ಅಬ್ಬಾ, ಬಾಜೂ ಅಂಗಡಿ ಶಿವಲಿಂಗ ಕಾಕಾಗ ಫೋನ್ ಕೊಡ್ರಿ. ಜಲ್ದಿ!"

ಶಿವಲಿಂಗ ಕಾಕಾ ಡಿಶ್ ರಿಪೇರಿ ಮಾಡುವವರು. ಎಲ್ಲ ಕೇಳಿ, "ಅರ್ಧ ಚಾನಲ್ ಬರ್ತಾವ, ಅರ್ಧ ಬರಂಗಿಲ್ಲ. ಹೌದಿಲ್ಲೋ? ಡಬ್ಬಿ ಯಾರರೆ ಮುಟ್ಟ್ಯಾರೇನು?" ಅಂದರು.

"ಇಲ್ರೀ," ಅಂತ ಕೌಸರಳ ಬಾಯಿಂದ ತಾನೇ ಬಂದುಬಿಟ್ಟಿತು.

"ಹಂಗಾದ್ರ ವೈರ್ ಕೆಟ್ಟಿರ್ಬೇಕು. ನಾಳಿ ಬಂದು ನೋಡ್ತೀನಿ."

ನಾಳೆ! ಕಿಟಕಿಯಿಂದ ನಾನಾರ ಇಸ್ತ್ರಿ ಅಂಗಿ ಕಾಣಿಸುತ್ತಿತ್ತು. ಈಚೆ ಮೆಟ್ಟಿಲ ಮೇಲೆ ದಾನಿಶ್ ಇನ್ನೂ ಹಾಗೇ ಕೂತಿದ್ದ. ಕೌಸರ್ ಕಣ್ಣು ಮುಚ್ಚಿಕೊಂಡಳು.

"ಕಾಕಾ, ನಾನೇ ಮುಟ್ಟೀನ್ರೀ. ಸೊಟ್ಟ ಇತ್ತು. ನೆಟ್ಟಗ ಮಾಡೀನಿ."

ಆ ಕಡೆ ಶಿವಲಿಂಗ ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕರು. "ಝಹೀರ್ ಭಾಯಿ, ಖರೇನೇ ನಿಮ್ಮ ಮಗಳು ಬಿಡ್ರಿ! ನನ್ನ ಅಂಗಡಿ ಬೋರ್ಡ್ ನೀವು ನೆಟ್ಟಗ ಮಾಡ್ತೀರಿ, ಅಲ್ಲಿ ಇಕಿ ಡಬ್ಬಿ!"

ಕೌಸರಳ ಎದೆಯ ಮೇಲಿದ್ದ ಕಲ್ಲು ಇಳಿದ ಹಾಗಾಯಿತು.

ಕಾಕಾ ಜೇಬಿನಿಂದ ಬಾಚಣಿಗೆ ತೆಗೆದರು, ಜೊತೆಗೊಂದು ಬಸ್ ಟಿಕೆಟ್. ಬಾಚಣಿಗೆಯ ಹಲ್ಲುಗಳು ನಿಂತಿರುವಾಗ ಟಿಕೆಟ್ಟನ್ನೂ ನಿಲ್ಲಿಸಿ ತೂರಿಸಿದರೆ ಸಲೀಸಾಗಿ ಹೋಯಿತು. ಮಲಗಿಸಿ ತೂರಿಸಿದರೆ ಹೋಗಲಿಲ್ಲ.

"ಸಿಗ್ನಲ್ ಹಿಂಗೇ ಎರಡು ಥರ ಬರ್ತದ, ನಿಂತದ್ದು, ಮಲಗಿದ್ದು. ನೀ ರಿಮೋಟ್ ಒತ್ತಿದ ಕೂಡ್ಲೇ ಕೆಳಗಿನ ಬಾಕ್ಸ್ ವೈರ್‌ನಾಗ ಡಬ್ಬಿಗೆ ಹೇಳಿ ಕಳಸ್ತದ. ಹದಿಮೂರು ವೋಲ್ಟ್ ಕಳಿಸಿದ್ರ ನಿಂತದ್ದು ತಗೋ ಅಂತ, ಹದಿನೆಂಟು ಕಳಿಸಿದ್ರ ಮಲಗಿದ್ದು ತಗೋ ಅಂತ."

"ಮತ್ತ ಸೊಟ್ಟ ಯಾಕ್ರೀ?"

"ಸ್ಯಾಟಲೈಟ್ ನಮ್ಮ ನೆತ್ತಿ ಮ್ಯಾಲಿಲ್ಲ ಬೇಟಾ, ಆ ಕಡಿ ಪೂರ್ವದ ಬಾಜೂ ಅದ. ಅಲ್ಲಿ ನಿಂತದ್ದು ನಮ್ಮ ಕಡಿ ವಾಲಿಕೊಂಡು ಬರ್ತದ. ನೀ ನೆಟ್ಟಗ ಮಾಡಿದಿ, ಎರಡೂ ಕಲಸಿಹೋದ್ವು. ಡಬ್ಬಿ ನಮಗ ಸೊಟ್ಟ, ಸ್ಯಾಟಲೈಟ್‌ಗ ನೆಟ್ಟಗ! ಹಳೀ ಧೂಳಿನ ಗುರ್ತು ಇರ್ತದ ನೋಡು, ಅಲ್ಲಿಗೇ ತಿರುವು."

"ಗುರ್ತು ಒರೆಸಿಬಿಟ್ಟೀನ್ರೀ," ಅಂದಳು ಕೌಸರ್ ಸಣ್ಣ ದನಿಯಲ್ಲಿ.

"ಅಯ್ಯ ನಮ್ಮವ್ವ! ಹಂಗಾದ್ರ ಸಾವಕಾಶ ತಿರುವಿ ನೋಡು."

ಕೌಸರ್ ಮೆಟ್ಟಿಲು ಹತ್ತಿದಳು. ದಾನಿಶನ ಪಕ್ಕದಲ್ಲೇ ನಿಂತು ಮೇಲಿದ್ದ ಮಾಮುವಿಗೆ ಕೇಳುವಂತೆ ಹೇಳಿದಳು. "ಮಾಮು, ದಾನಿಶ್ ಭಾಯಿಂದು ಏನೂ ತಪ್ಪಿಲ್ಲ. ಡಬ್ಬಿ ತಿರುವಿದಾಕಿ ನಾನು."

"ನೀನಾ?" ದಾನಿಶ್ ಎದ್ದು ನಿಂತ. "ಮತ್ತ ಇಷ್ಟೊತ್ತು ಸುಮ್ಮ ಯಾಕಿದ್ದಿ?"

"ಅಂಜಿದ್ದೆ," ಅಂದಳು. ಕಣ್ಣಲ್ಲಿ ನೀರು ಬಂತು. "ನಾ ತಿರುವ್ತೀನಿ, ನೀ ಇಲ್ಲೇ ನಿಂತು ಕೂಗ್ತೀಯೇನು?"

ದಾನಿಶ್ ಅವಳನ್ನೇ ನೋಡಿದ. ಆಮೇಲೆ ತೋಳಿನಿಂದ ಮೂಗು ಒರೆಸಿಕೊಂಡು, "ನಡಿ, ನಡಿ, ಟೈಮಿಲ್ಲ," ಅಂದ.

ಮಾಮು ಸ್ಕ್ರೂಡ್ರೈವರನ್ನು ಕೌಸರಳ ಕೈಗಿತ್ತು ಕೆಳಗಿಳಿದುಹೋದರು.

ಕೌಸರ್ ಡಬ್ಬಿಯನ್ನು ಒಂದು ಕಡೆ ವಾಲಿಸಿದಳು. "ಬಂತೇನು?"

ಕೆಳಗಿನಿಂದ ಪಕ್ಕದ ಮನೆಯ ಶಿವಕಾಂತಮ್ಮನ ದನಿ ಕೇಳಿತು. ನಾನಾರನ್ನು ನೋಡಲು ಬಂದಿದ್ದವರು ಅವರು. "ಇದ್ದ ಭಜನಿನೂ ಹೋಯ್ತವಾ!"

"ಆ ಕಡಿ! ಆ ಕಡಿ ತಿರುವು!" ದಾನಿಶ್ ಕೂಗಿದ. ಕೌಸರ್ ಇನ್ನೊಂದು ಕಡೆ ತಿರುವಿದಳು. ಇನ್ನೂ ಸ್ವಲ್ಪ. ಮತ್ತೂ ಒಂದು ಚೂರು.

"ಬಂತು! ಬಂತು! ಬಂತು!" ಇಡೀ ಮನೆಯೇ ಕೂಗಿತು. ದಾನಿಶ್ ಮೆಟ್ಟಿಲ ಮೇಲೆ ಕುಣಿದ. ಕೌಸರ್ ಸ್ಕ್ರೂ ಬಿಗಿ ಮಾಡಿ ಎದ್ದಳು. ಡಬ್ಬಿ ಬೆಳಿಗ್ಗೆ ಇದ್ದ ಹಾಗೇ ತಲೆ ವಾಲಿಸಿ ಆಕಾಶ ನೋಡುತ್ತಿತ್ತು. ಹೀಗೆ ವಾಲಿಸುವುದನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು ಅವಳಿಗೆ.

ಕೆಳಗೆ ಬಂದಾಗ ಮಾಮು ಅಲಮಾರಿಯ ಮೇಲಿನ ಗಾಳಿಪಟ ಇಳಿಸಿ, ಧೂಳು ಊದಿ, ದಾನಿಶನ ಕೈಗೆ ಕೊಡುತ್ತಿದ್ದರು. "ಮಾಂಜಾ ಹೊಸಾದು ಕೊಡಸ್ತೀನಿ," ಅಂದರು, ಅವನ ಮುಖ ನೋಡದೆ.

ಆರು ಗಂಟೆಗೆ ಸರಿಯಾಗಿ ನಾನಾ ಬಂದರು. ಕೆಂಪು ಬಾಳೆಗೊನೆಯ ಪಕ್ಕದಲ್ಲಿ ನಿಂತು, ಮೈಕ್ ಹಿಡಿದವನ ಪ್ರಶ್ನೆಗೆ ತಲೆ ವಾಲಿಸಿ, ಬಲಗಿವಿ ಮುಂದೆ ಮಾಡಿದರು. ಕುರ್ಚಿಯಲ್ಲಿದ್ದ ನಾನಾ ಕೂಡ ಟಿವಿಯ ನಾನಾರ ಮಾತು ಕೇಳಲು ಹಾಗೇ ತಲೆ ವಾಲಿಸಿದ್ದರು. ಕೌಸರ್ ಇಬ್ಬರನ್ನೂ ನೋಡಿದಳು.

ಮುಗಿದ ಮೇಲೆ ಎಲ್ಲರೂ ಟಿವಿಯ ಮುಂದೆ ಫೋಟೊಗೆ ನಿಂತರು. ಪಕ್ಕದಲ್ಲಿ ಹಸಿರು ಗಾಳಿಪಟ ಹಿಡಿದ ದಾನಿಶ್. ನಾನಾ ರೂಢಿಯಂತೆ ತಾವೇ ಕೇಳಿದರು. "ತಲಿ ನೆಟ್ಟಗ ಮಾಡ್ಲೇನು ಬೇಟಾ?"

"ಬ್ಯಾಡ್ರಿ ನಾನಾ," ಅಂದು ಕೌಸರ್ ಫೋಟೊ ತೆಗೆದೇಬಿಟ್ಟಳು.

ಅಬ್ಬಾಗೆ ಕಳಿಸಿದ ಕೂಡಲೇ ಜಗತ್‌ನಿಂದ ಉತ್ತರ ಬಂತು. "ಫ್ರೇಮ್ ಹಾಕ್ತೀನಿ. ಆದ್ರ ನಾನಾನ ತಲಿ ಸೊಟ್ಟ ಅದಲ್ಲ?"

ಕೌಸರ್ ಒಂದೊಂದೇ ಅಕ್ಷರ ಒತ್ತಿ ಬರೆದಳು.

"ಹಂಗೇ ಇರ್ಲಿ ಅಬ್ಬಾ. ನಾನಾ ಕೇಳಾಕತ್ತಾರ."