ಕೆಲಗೇರಿ ಕೆರೆಯ ಮುಂಜಾವು

2024ರ ಏಪ್ರಿಲ್ 21, ಭಾನುವಾರ, ಬೆಳಿಗ್ಗೆ 11 ಗಂಟೆ 20 ನಿಮಿಷ. ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಓಣಿಯಲ್ಲಿದ್ದ ಮಹಾಂತಯ್ಯನವರ ಫೋಟೋ ಸ್ಟುಡಿಯೋದಲ್ಲಿ ನಿಂತು ಪರಮೇಶ ಆಮಂತ್ರಣ ಪತ್ರಿಕೆಯನ್ನು ಎರಡು ಸಲ ಓದಿದ. ನೂರು ವರ್ಷದ ಹಿಂದಿನ ಅರವತ್ತನಾಲ್ಕು ಗಾಜಿನ ನೆಗೆಟಿವ್ ಪ್ಲೇಟುಗಳ ಪ್ರದರ್ಶನ, ಜೂನ್ ಎರಡರಂದು. ಸಂಗ್ರಹ: ಮಹಾಂತಯ್ಯ. ಸಂರಕ್ಷಣೆ: ನೀಲಾ. ಅಷ್ಟೇ.

ನೀಲಾ ಮಹಾಂತಯ್ಯನವರ ಮೊಮ್ಮಗಳು, ಊರಿಗೆ ಬಂದು ಆರು ತಿಂಗಳಾಗಿತ್ತು. ಆ ಪ್ಲೇಟುಗಳ ಬೂಷ್ಟು ತೆಗೆದು, ಒಡಕು ಕೂಡಿಸಿ, ಒಂದೊಂದಕ್ಕೂ ನಂಬರು ಬರೆದು ಏಳು ವರ್ಷದ ರಜಾದಿನಗಳನ್ನು ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕಳೆದವನು ಪರಮೇಶ. ಧಾರವಾಡದ ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಅವನ ನೌಕರಿ. ಅಳತೆಯೇ ಅವನ ಸ್ವಭಾವ.

"ಮುಖಾ ಯಾಕ ಹಂಗ ಮಾಡೀಯೋ?" ಎಂದರು ಮಹಾಂತಯ್ಯ. "ನಿನ್ನ ಮರತೇನೇನು ನಾ? ಇದ ತಗೋ. ಎಷ್ಟ ದಿನಾ ಅಂತ ಆ ಹಳೇ ಡಬ್ಬಿ ಕೊಳ್ಳಾಗ ಹಾಕ್ಕೊಂಡು ಅಡ್ಡಾಡ್ತಿ?"

ಹೊಸ ಕ್ಯಾಮೆರಾ. ಆ ವರ್ಷವಷ್ಟೇ ಬಂದ ಮಾದರಿ.

"ಭಾಳ ಉಪಕಾರ ಆತ್ರಿ ಅಜ್ಜಾರ," ಎಂದ ಪರಮೇಶ. ಏಳು ವರ್ಷವನ್ನು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ಕೈಗಿಟ್ಟಂತಾಯಿತು. ಧಾರವಾಡದ ಬಸ್ಸಿನಲ್ಲಿ ನವಲೂರು ದಾಟುವಷ್ಟರಲ್ಲಿ ಅವನು ತೀರ್ಮಾನಕ್ಕೆ ಬಂದಿದ್ದ: ಪ್ಲೇಟುಗಳಿಲ್ಲದಿದ್ದರೆ ಪ್ರದರ್ಶನವಿಲ್ಲ, ಪ್ರದರ್ಶನವಿಲ್ಲದಿದ್ದರೆ ಆ ಹೆಸರೂ ಇಲ್ಲ.

ಕದಿಯುವುದು ಸುಲಭವಿತ್ತು. ಹಿಂಬಾಗಿಲ ಕೀಲಿ ಮೂವರಲ್ಲಿತ್ತು, ಅವರಲ್ಲಿ ಅವನೊಬ್ಬ. ಮಹಾಂತಯ್ಯ ದಿನಾ ಆರಕ್ಕೆ ಹತ್ತು ನಿಮಿಷವಿರುವಾಗ ಪ್ಲೇಟುಗಳ ಪೆಟ್ಟಿಗೆಗೆ ಊದಿನಕಡ್ಡಿ ಬೆಳಗಿ, ಆರಕ್ಕೆ ಸ್ಟುಡಿಯೋಗೆ ಹೊಂದಿಕೊಂಡ ಒಳಮನೆಯಲ್ಲಿ ಲಿಂಗಪೂಜೆಗೆ ಕೂಡುತ್ತಿದ್ದರು. ಆರೂವರೆಗೆ ಎದ್ದು ಮತ್ತೆ ಪೆಟ್ಟಿಗೆಗೆ ಕೈಮುಗಿಯುತ್ತಿದ್ದರು. ನಡುವೆ ಮನೆಗೆ ಬೆಂಕಿ ಬಿದ್ದರೂ ಏಳುವವರಲ್ಲ, ಮಾತಾಡುವವರಲ್ಲ. ನೀಲಾ ಎಂಟಕ್ಕೆ ಮುಂಚೆ ಎದ್ದದ್ದನ್ನು ಯಾರೂ ಕಂಡಿರಲಿಲ್ಲ. ಅರ್ಧ ಗಂಟೆ ಸಾಕು.

ಕಷ್ಟವಿದ್ದದ್ದು ಆ ಅರ್ಧ ಗಂಟೆ ತಾನು ಬೇರೆಲ್ಲೋ ಇದ್ದೆನೆಂದು ತೋರಿಸುವುದರಲ್ಲಿ. ಅದಕ್ಕೆ ಅವನು ಉಡುಗೊರೆಯ ಕ್ಯಾಮೆರಾವನ್ನೇ ಆರಿಸಿಕೊಂಡ. ಅವನ ಮನೆ ಧಾರವಾಡದ ಕೆಲಗೇರಿಯಲ್ಲಿ. ಸ್ಟುಡಿಯೋದಿಂದ ಇಪ್ಪತ್ನಾಲ್ಕು ಕಿಲೋಮೀಟರ್, ಸ್ಕೂಟರಿಗೆ ಮುಕ್ಕಾಲು ಗಂಟೆಯ ದಾರಿ. ಬೆಳಿಗ್ಗೆ 6:05ಕ್ಕೆ ಕೆಲಗೇರಿ ಕೆರೆಯಲ್ಲಿ ಚಿತ್ರ ತೆಗೆದವನು 6:30ರೊಳಗೆ ಹುಬ್ಬಳ್ಳಿಯಲ್ಲಿ ಕಳವು ಮಾಡಲಾರ. ತಿದ್ದಿದ ಚಿತ್ರವನ್ನು ಪೊಲೀಸರು ನಂಬಲಿಕ್ಕಿಲ್ಲ. ಆದರೆ ಕ್ಯಾಮೆರಾ ತಾನು ಕಂಡದ್ದನ್ನು ಕಂಡಂತೆಯೇ ಬರೆದಿಡುವ ರಾ ಫೈಲ್ ಇರುತ್ತದೆ. ಅದರಲ್ಲಿ ತಾರೀಖು, ವೇಳೆ, ಲೆನ್ಸು, ಎಲ್ಲವೂ ಸಾಲುಸಾಲಾಗಿ ದಾಖಲಾಗಿರುತ್ತವೆ. ಅದನ್ನು ತಿದ್ದುವ ಗೊಡವೆಗೆ ಅವನು ಹೋಗಲಿಲ್ಲ. ಸುಳ್ಳನ್ನು ಕ್ಯಾಮೆರಾದ ಕೈಯಿಂದಲೇ ಬರೆಸಿದರಾಯಿತು.

ಮೇ 11ರ ಶನಿವಾರ ಮಧ್ಯಾಹ್ನವೆಲ್ಲ ಬಿಸಿಲಲ್ಲಿ ಸ್ಕೂಟರಿನ ಮೇಲೆ ಊರಲ್ಲಿ ಅಡ್ಡಾಡಿ, ಸಂಜೆ ನೇರ ಕೆರೆಗೆ ಹೋದ. ಸ್ಕೂಟರಿನ ಡಿಕ್ಕಿಯಿಂದ ಕ್ಯಾಮೆರಾ ತೆಗೆದಾಗ ಆಗತಾನೇ ಚಹಾ ಕುಡಿದಿಟ್ಟ ಕಪ್ಪಿನಂತೆ ಬಿಸಿಯಿತ್ತು. ಅದರ ಗಡಿಯಾರವನ್ನು ಹನ್ನೊಂದೂಕಾಲು ಗಂಟೆ ಮುಂದಿಟ್ಟ. ಅಷ್ಟರಲ್ಲಿ ಆಕಾಶ ಮೋಡ ಕಟ್ಟಿತ್ತು, ನೆರಳಿರಲಿಲ್ಲ. ಅಂಥ ಬೆಳಕಿಗೆ ಬೆಳಗು ಯಾವುದು, ಬೈಗು ಯಾವುದು? ಸಂಜೆ 6:50ಕ್ಕೆ, ನೀರಂಚಿನಲ್ಲಿ ಒಂಟಿಗಾಲಲ್ಲಿ ನಿಂತ ಬೆಳ್ಳಕ್ಕಿಯ ಚಿತ್ರವೊಂದನ್ನೇ ತೆಗೆದ. ಎರಡು ತೆಗೆದರೆ ಕೆಲಸ ಕೆಟ್ಟೀತು. ಬೆಳಗಿನ ಬೆಳಕು ಏರುತ್ತದೆ, ಸಂಜೆಯದು ಇಳಿಯುತ್ತದೆ. ಆಮೇಲೆ ಗಡಿಯಾರವನ್ನು ಮೊದಲಿನಂತೆ ಮಾಡಿದ.

ಮನೆಯಲ್ಲಿ ಯಾರೂ ಇರಲಿಲ್ಲ. ಹೆಂಡತಿ ಕಾವೇರಿ ಗರಗದ ತವರಿಗೆ ಹೋಗಿದ್ದಳು. ಕಂಪ್ಯೂಟರಿನಲ್ಲಿದ್ದದ್ದು ಹನ್ನೊಂದು ವರ್ಷದ ಹಿಂದಿನ ಫೋಟೋ ಸಾಫ್ಟ್‌ವೇರ್. ಹೊಸ ಕ್ಯಾಮೆರಾದ ಫೈಲನ್ನು ಅದು ಒಪ್ಪಲಿಲ್ಲ: "ಈ ಬಗೆಯ ಕಡತ ಗೊತ್ತಿಲ್ಲ." ಪರಮೇಶನಿಗೆ ಇದು ಹೊಸದಲ್ಲ. ಪುಕ್ಕಟೆ ಸಿಗುವ ಪರಿವರ್ತಕದಲ್ಲಿ ಹಾಕಿ, ಹಳೆಯ ಸಾಫ್ಟ್‌ವೇರಿಗೆ ತಿಳಿಯುವ ರೂಪಕ್ಕೆ ತಂದು, ಆ ಪ್ರತಿಯನ್ನು ತೆರೆದ. ಬಣ್ಣ ತುಸು ಹಸಿರಿಗೆ ವಾಲಿತ್ತು, ಸರಿಪಡಿಸಿದ. ಬಳಿಕ ದಾಖಲೆಯ ಪಟ್ಟಿ ತೆಗೆದು, ನಲವತ್ತಮೂರು ಸಾಲುಗಳನ್ನು ಒಂದೊಂದಾಗಿ ಹಾಳೆಗೆ ಬರೆದುಕೊಂಡು ಟಿಕ್ ಹಾಕಿದ. ಒಂದೂ ಅವನ ವಿರುದ್ಧವಿರಲಿಲ್ಲ.

ಭಾನುವಾರ ನಸುಕಿನಲ್ಲೇ ಮೊಬೈಲನ್ನು ಮನೆಯಲ್ಲಿ ಬಿಟ್ಟು ಸ್ಕೂಟರಿನಲ್ಲಿ ಹುಬ್ಬಳ್ಳಿಗೆ ಹೋದ. 6:08ಕ್ಕೆ ಹಿಂಬಾಗಿಲ ಕೀಲಿ ತೆಗೆದ. ಒಳಮನೆಯಿಂದ ಮಹಾಂತಯ್ಯನವರ ಮಂತ್ರದ ಪಿಸುದನಿ ಕೇಳುತ್ತಿತ್ತು. ಪೆಟ್ಟಿಗೆ ಎತ್ತುವಾಗ ಗಾಜಿಗೆ ಗಾಜು ತಾಗಿ ಸಣ್ಣಗೆ ಕಿಣಿಗುಟ್ಟಿತು. ಪಿಸುದನಿ ಒಂದು ಗಳಿಗೆ ನಿಂತಿತು. ಮತ್ತೆ ಮುಂದುವರಿಯಿತು.

ಒಳದಾರಿ ಹಿಡಿದು ಮನೆ ಸೇರಿ, ಎಂಟಕ್ಕೆ ಬೆಳ್ಳಕ್ಕಿಯ ಚಿತ್ರವನ್ನು ಗೆಳೆಯರ ವಾಟ್ಸ್ಯಾಪ್ ಗುಂಪಿಗೆ ಹಾಕಿದ. ಎಂಟೂಕಾಲಿಗೆ, ಠಾಣೆಗೆ ಹೋಗಿ ಬಂದ ಮಹಾಂತಯ್ಯನವರ ಫೋನು ಬಂತು.

"ಪರಮೇಶಾ, ಪೆಟ್ಟಿಗಿ ಹೋತೋ! ಯಾವ ಪ್ಲೇಟಿನ್ಯಾಗ ಏನೈತಿ ಅಂತ ನಿನ್ನ ಬಿಟ್ರ ಯಾರಿಗೆ ಗೊತ್ತೈತಿ? ಲಗೂನ ಬಾ, ಪೊಲೀಸ್ರಿಗೆ ಬರಸು."

ಇದು ಅವನ ಯೋಜನೆಯಲ್ಲಿ ಇರಲಿಲ್ಲ. ಎರಡು ದಿನ ಅದೇ ಹಿಂದಿನ ಕೋಣೆಯಲ್ಲಿ ಕೂತು, ತನ್ನ ಮಂಚದ ಕೆಳಗಿದ್ದ ಅರವತ್ತನಾಲ್ಕು ಪ್ಲೇಟುಗಳ ವಿವರವನ್ನು ನೆನಪಿನಿಂದ ಹೇಳಿ ಬರೆಸಿದ. ಎದುರಿಗೆ ಕೂತ ನೀಲಾ ಬರೆದುಕೊಳ್ಳುತ್ತ ಕಣ್ಣೊರೆಸಿಕೊಂಡಳು. "ನಿಮಗ ಒಡಕು ಎಲ್ಲಿದ್ವು ಅನ್ನೂದೂ ಬಾಯಿಪಾಠ ಐತಲ್ರಿ ಕಾಕಾ!" ಮನೆಗೆ ಹೋದರೆ ಕದ ಹಾಕಿಕೊಂಡೇ ಇರಬೇಕು, ಕಾವೇರಿಗೆ ದಿನಾ ಒಂದು ನೆಪ ಹೇಳಿ ತವರಿನಲ್ಲೇ ಉಳಿಸಬೇಕು. ಪ್ಲೇಟುಗಳ ಹಾಗೆ ಈಗ ಅವನೂ ಒಂದು ಪೆಟ್ಟಿಗೆಯಲ್ಲಿದ್ದ.

ಕೀಲಿಯಿದ್ದ ಮೂವರನ್ನೂ ಎಸ್‌ಐ ಅರಫಾತ ವಿಚಾರಿಸಿದರು. ಪರಮೇಶ ಕೇಳುವ ಮೊದಲೇ ಮೂಲ ರಾ ಫೈಲನ್ನು ಪೆನ್‌ಡ್ರೈವಿನಲ್ಲಿ ಕೊಟ್ಟ.

"ನೀವ ಒಬ್ರ ನೋಡ್ರಿ ಇಷ್ಟ ಅಚ್ಚುಕಟ್ಟಾಗಿ ಪುರಾವೆ ಕೊಟ್ಟವ್ರು," ಎಂದು ಅರಫಾತ ನಕ್ಕಿದ್ದರು.

ಶುಕ್ರವಾರ ಅವರೇ ಕೆಲಗೇರಿಯ ಮನೆಗೆ ಬಂದರು. ಜೊತೆಗೆ ಇಬ್ಬರು ಪೇದೆಗಳು. ಪರಮೇಶ ಮಂಚದ ಮೇಲೆ ಕೂತ, ಹಾಸಿದ ಚಾದರ ನೆಲ ಮುಟ್ಟುವಂತೆ.

"ಬೆಳ್ಳಕ್ಕಿ ಭಾಳ ಛಲೋ ಬಂದೈತ್ರಿ," ಎಂದರು ಅರಫಾತ, ಲ್ಯಾಪ್‌ಟಾಪ್ ಬಿಚ್ಚುತ್ತ. "ನಮ್ಮ ಹುಡುಗರು ಹೊಸಾ ಸಾಫ್ಟ್‌ವೇರ್‌ನ್ಯಾಗ ತೆಗೆದ್ರು. ನೀವು ಯಾವುದ್ರಾಗ ನೋಡಿದ್ರಿ?"

"ನನ್ನ ಹಳೇದ್ರಾಗ," ಎಂದ ಪರಮೇಶ. "ನಲವತ್ತಮೂರು ಸಾಲು ಅದಾವ್ರಿ. ಎಲ್ಲಾ ಸರಿ ಐತಿ."

ಅರಫಾತ ಪರದೆಯನ್ನು ಅವನ ಕಡೆ ತಿರುಗಿಸಿದರು. ಅಲ್ಲಿದ್ದ ಸಾಲುಗಳು ನಲವತ್ತನಾಲ್ಕು. ಚಿತ್ರ ತೆಗೆದ ಗಳಿಗೆಯಲ್ಲಿ ತನ್ನ ಮೈ ಎಷ್ಟು ಬಿಸಿಯಿತ್ತೆಂಬುದನ್ನೂ ಹೊಸ ಕ್ಯಾಮೆರಾ ಬರೆದಿಡುತ್ತಿತ್ತು. ಅಂಥದೊಂದು ಸಾಲು ಇರಬಹುದೆಂದು ಹಳೆಯ ಸಾಫ್ಟ್‌ವೇರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಅದು ತೋರಿಸಿರಲಿಲ್ಲ. ಮೇ 12ರ ಬೆಳಿಗ್ಗೆ ಆರಕ್ಕೆ ಧಾರವಾಡದ ಹವೆ 22 ಡಿಗ್ರಿ ಇತ್ತು. ಅದೇ ಬೆಳಗಿನ 6:05ಕ್ಕೆ ಕೆರೆಯ ದಂಡೆಯಲ್ಲಿದ್ದ ಕ್ಯಾಮೆರಾದ ಉಷ್ಣಾಂಶ, ಕೊನೆಯ ಸಾಲಿನ ಪ್ರಕಾರ, 41 ಡಿಗ್ರಿ ಸೆಲ್ಸಿಯಸ್.