ಸುರಗೂರ ದೊರಿಯ ಗಡಿಗಲ್ಲು

"ತಮ್ಮಾ, ಆ ಕಲ್ಲ ದಾಟಿ ಮ್ಯಾಲ ಹೋಗಬ್ಯಾಡಪಾ," ಅಂದ್ಳು ಸಾಬವ್ವ.

"ಆಯಿ, ಕಲ್ಲ ಕಂಡ್ರ ವಿಕ್ರಮ ಹೆದರಂಗಿಲ್ಲ. ವಿಕ್ರಮನ್ನ ಕಂಡ್ರ ಕಲ್ಲೇ ಬೆವರ್ತದ!" ವಿಕ್ರಮ ಕಾಲರ್ ಎತ್ತಿದ. ಹಿಂದ ಮ್ಯೂಸಿಕ್ ಬರ್ಲಿಲ್ಲ. ಆಡೊಂದು ಕೆಮ್ಮಿತು, ಅಷ್ಟ.

ಅಫಜಲಪುರದ ಹುಡುಗ, ಕಡಗಂಚಿಯಾಗ ಓದಾಕತ್ತಾನ. ರಜಾಕ್ಕಂತ ದೋಸ್ತ ಸೂರ್ಯಕಾಂತನ ಊರಿಗಿ ಬಂದಿದ್ದ. ಸಾಬವ್ವ ಸೂರ್ಯಕಾಂತನ ಅಜ್ಜಿ. ಆಳಂದ ದಾಟಿದ್ರ ಗುಡ್ಡದ ಬುಡಕ್ಕ ಊರು. ಗುಡ್ಡದ ನಡುವ ಮೊಳಕಾಲೆತ್ತರದ ಕರಿ ಗುಂಡಗಲ್ಲು.

ಹಿಂದಕ್ಕ ಸುರಗೂರ ದೊರಿ ಗುಡ್ಡದ ಮಂದಿಯ ಹೊಲ ಕಸ್ಕೊಂಡು, ಅವರ್ನ ಮ್ಯಾಲ ಅಟ್ಟಿ, ಮಾಟ ಮಾಡ್ಸಿ ಇಟ್ಟ ಕಲ್ಲದು. ಮ್ಯಾಲ ಯಾರರೆ ಹೋಗ್ಲಿ, ತಡಿಯಂಗಿಲ್ಲ. ಕೆಳಗ ಬರೋವಂಗ ಮಾತ್ರ ಪಾದ ಉಳಿಯಂಗಿಲ್ಲ. ದೊರಿ ಸತ್ತ, ಕ್ವಾಟಿ ಬಿತ್ತು, ಮಾಟ ಉಳೀತು. ಅಮಾಸಿಗೊಮ್ಮಿ ಸಾಬವ್ವ ಕೆಳಗಿನ ಮಗ್ಗಲಿನಿಂದ ಕಲ್ಲಿನ ಮ್ಯಾಲ ರೊಟ್ಟಿ-ಉಪ್ಪು ಇಡ್ತಾಳ. ಗುಡ್ಡದ ಮಂದಿ ಉದ್ದನ ಕೋಲಿಲೆ ಎಳ್ಕೋತಾರ. ಕಲ್ಲು ಮುಟ್ಟಿದ್ರ, ಮೀಟಿದ್ರ ಅವರ ಅಂಗೈ ಸುಡ್ತದ.

"ಕೋಲಿಲೆ ರೊಟ್ಟಿ ತಿನ್ನೋ ವಿಲನ್ನ ಎಲ್ಲ್ಯಾರ ನೋಡೀರೇನ್ರಿ!" ವಿಕ್ರಮ ಬಿದ್ದು ಬಿದ್ದು ನಕ್ಕ.

ಮರುದಿನ ಮಟಮಟ ಮಧ್ಯಾಹ್ನ. ಸೂರ್ಯಕಾಂತನ ಎದಿ ಝಲ್ ಅನ್ನಿಸ್ಬೇಕಂತ ವಿಕ್ರಮ ಕಬ್ಬಿಣದ ಹಾರಿ ಹೊತ್ಕೊಂಡು ಕಲ್ಲಿನ ಮ್ಯಾಲಿನ ಮಗ್ಗಲಿಗಿ ಹೋದ. ಬುಡಕ್ಕ ಹಾರಿ ತುರುಕಿದ.

"ಬ್ಯಾಡಲೇ ವಿಕ್ಯಾ!" ಸೂರ್ಯಕಾಂತ ಕೆಳಗಿನಿಂದ ಚೀರಿದ.

"ಫೋನ್ ಹಿಡಿಯಲೇ. ಒಂದೇ ಟೇಕ್!"

ಕಲ್ಲು ಉಳ್ಳಿ ಹತ್ತು ಹೆಜ್ಜಿ ಕೆಳಗ ಹೋಗಿ ನಿಂತಿತು. ಖಾಲಿ ಕುಣಿಯಿಂದ ಸುಟ್ಟ ಕೂದಲಿನ ನಾತ. ಗಾಳಿ ನಿಂತಿತು.

ವಿಕ್ರಮ ನಕ್ಕೋತ ಇಳಿದು ಕಲ್ಲು ದಾಟಾಕ ಎಡಗಾಲು ಚಾಚಿದ.

ಕಚಕ್.

ಬೂಟು ಆ ಕಡಿ ಬಿತ್ತು. ಬೂಟಿನಾಗ ಪಾದ ಇತ್ತು.

ಅವ ಚೀರೂದ್ರಾಗ ಬೆನ್ನ ಹಿಂದ ಹೆಜ್ಜಿ ಸಪ್ಪಳ. ಹೊಗಿ ವಾಸನಿ, ತೊಗಲಿನ ವಾಸನಿ. ಗುಡ್ಡದ ಮಂದಿ ಇಳಿದು ಬರಾಕತ್ತಿದ್ರು. ಒಬ್ಬ ಮುದುಕ ಕಲ್ಲು ಸರಿದು ಸಿಕ್ಕ ಆ ಹತ್ತು ಹೆಜ್ಜಿ ನೆಲದಾಗ ಬಿದ್ದು ಮಣ್ಣು ಬಾಯಾಗ ಹಾಕ್ಕೊಂಡ. ಅತ್ತ. ಆಮ್ಯಾಲ ವಿಕ್ರಮನ ಗಾಯಕ್ಕ ಬೂದಿ, ಜೇನು ಮೆತ್ತಿ ಬಿಗಿದು ಕಟ್ಟಿದ. ಕರುಣಿಯಿಂದಲ್ಲ.

"ನಿನ್ನ ಕೈ ಸುಡಲಿಲ್ಲ," ಅಂದ. ಕುತ್ತಿಗಿಗಿ ಭರ್ಚಿ ಒತ್ತಿದ. "ತಳ್ಳು."

ಒಂದು ಡೈಲಾಗೂ ನೆನಪಾಗ್ಲಿಲ್ಲ. ಭರ್ಚಿ ತುದಿ ತೊಗಲಿನಾಗ ಇಳೀತು. ರಕ್ತ ಎದಿಗಿ ಹರೀತು. ವಿಕ್ರಮ ತೆವಳಿ ಹೋಗಿ ತಳ್ಳಿದ.

ಕೆಳಗ ಸೂರ್ಯಕಾಂತ ಪಕ್ಕಕ್ಕ ಜಿಗಿದ. ಕಲ್ಲು ಅವನ್ನ ದಾಟಿ ಇಪ್ಪತ್ತು ಹೆಜ್ಜಿ ಹೋಗಿ ನಿಂತಿತು. ಈಗ ಅವನೂ ಮ್ಯಾಲಿನ ಕಡಿಯಾವ. ದಿಗಿಲಿನಾಗ ಅವಂಗದು ಹೊಳೀಲಿಲ್ಲ. "ಆಯೀ!" ಅಂತ ಊರ ಕಡಿ ಓಡಿದ.

"ನಿಂದ್ರಲೇ ಸೂರ್ಯಾ! ಕಲ್ಲು ದಾಟಬ್ಯಾಡ!" ವಿಕ್ರಮ ಗಂಟಲು ಹರಿಯಂಗ ಚೀರಿದ.

ಸೂರ್ಯಕಾಂತ ನಿಲ್ಲಲಿಲ್ಲ.

ಕಚಕ್. ಕಚಕ್.

ಮುಂದ ಅವನ ಚೀರಾಟ ಅಷ್ಟ. ಆಮ್ಯಾಲ ಅದೂ ನಿಂತಿತು.

ಕೆಳಗ ಸಾಬವ್ವನ ಮನಿಯಾಗ ರೊಟ್ಟಿ ಬಡಿಯೋ ಸಪ್ಪಳ. ಪಟ್. ಪಟ್. ಪಟ್. ಆಕಿಗಿ ಕಿವಿ ಮಂದ.

ಭರ್ಚಿ ಮತ್ತ ಕುತ್ತಿಗಿಗಿ ಬಂತು.

"ತಳ್ಳು," ಅಂದ ಮುದುಕ. "ಆ ಮನಿ ಇರೋದು ನಮ್ಮ ಹೊಲದಾಗ."