ಎತ್ತದ ಫೋನು

ಕ್ಯಾಮೆರಾ ಬರಲೇ ಇಲ್ಲ. ಮುಂದೆ ತಾನು ಮಾಡಿದ್ದಕ್ಕೆಲ್ಲ ಅದೇ ಕಾರಣವೆಂದು ಪ್ರಸನ್ನಕುಮಾರ್ ತನ್ನ ಮನಸ್ಸಿಗೆ ಎಷ್ಟು ಸಲ ಸಮಜಾಯಿಷಿ ಕೊಟ್ಟುಕೊಂಡನೋ ಲೆಕ್ಕವಿಲ್ಲ. ಭದ್ರಾವತಿ ಓಲ್ಡ್ ಟೌನಿನಲ್ಲಿ ಅಪ್ಪ ಷಣ್ಮುಖಪ್ಪನವರು ಇಟ್ಟುಹೋದ ಷಣ್ಮುಖ ಸ್ಟುಡಿಯೋ ಅವನದು. ಅಪ್ಪನ ಕಾಲದಲ್ಲಿ ಊರಿನ ಅರ್ಧ ಮದುವೆಗಳ ಆಲ್ಬಮ್ ಅಲ್ಲೇ ಆಗುತ್ತಿತ್ತು. ಈಗ ಎಲ್ಲರಿಗೂ ಹೊಸ ವಿಡಿಯೋ ಕ್ಯಾಮೆರಾದ ಹುಚ್ಚು. ಇಂಟರ್‌ನೆಟ್ಟಿನಲ್ಲಿ ಯಾರು ಏನು ಬೇಕಾದರೂ ಮಾರಬಹುದಾದ ಒಂದು ಸಂತೆ ಇದೆಯೆಂದು ಯಾರೋ ಹೇಳಿದರು, ಇವನು ಹೋಗಿ ನೋಡಿದ, ದೆಹಲಿಯವನೊಬ್ಬ ಅರ್ಧ ಬೆಲೆಗೆ ಇಟ್ಟಿದ್ದ ಕ್ಯಾಮೆರಾಕ್ಕೆ ಮರುಳಾಗಿ ಅವನ ಖಾತೆಗೆ ಹಣ ಕಟ್ಟಿಬಿಟ್ಟ. ಇದು ನಡೆದದ್ದು ೨೦೦೭ರಲ್ಲಿ.

ಆಮೇಲೆ ದೆಹಲಿಯವನು ಉಸಿರೆತ್ತಲಿಲ್ಲ. ಹಾಗಂತ ಓಡಿಯೂ ಹೋಗಲಿಲ್ಲ, ಅದೇ ಕಷ್ಟ! ಫೋನು ರಿಂಗ್ ಆಗುತ್ತಿತ್ತು. ಬೆಳಿಗ್ಗೆ ಮಾಡಿದರೂ ರಿಂಗ್, ಸಂಜೆ ಮಾಡಿದರೂ ರಿಂಗ್. ಪಾಪ ಯಾವುದೋ ಕೆಲಸದಲ್ಲಿದ್ದಾನೆ ಎಂದು ಪ್ರಸನ್ನ ಕಾದ. ಮೊದಲು 'ಡಿಯರ್ ಸರ್' ಎಂದು ಮೇಲ್ ಬರೆದ, ಆಮೇಲೆ ಬರೀ 'ಸರ್', ಆಮೇಲೆ ಬೈಗುಳ, ಕೊನೆಗೆ ಮರ್ಯಾದೆ ಬಿಟ್ಟು ಅಂಗಲಾಚಿದ. 'ದೇವರ ದಯದಿಂದ ತಾವು ಆರೋಗ್ಯವಾಗಿದ್ದೀರಿ ಎಂದು ನಂಬಿದ್ದೇನೆ' ಎಂದು ಕೂಡ ಬರೆದ. ಅದನ್ನು ನೆನೆಸಿಕೊಂಡರೆ ಇವತ್ತಿಗೂ ಅವನಿಗೆ ಮೈ ಉರಿಯುತ್ತದೆ.

ಪೊಲೀಸ್ ಠಾಣೆಯಲ್ಲಿ ಮುದುಕ ದಫೇದಾರನೊಬ್ಬ ಅರ್ಜಿಯನ್ನು ಓದುವ ಗೋಜಿಗೂ ಹೋಗದೆ ನಕ್ಕ. "ಕಣ್ಣಿಗೆ ಕಾಣದೋನ ಹತ್ರ ಯಾಪಾರ ಮಾಡಿ ಇಲ್ಲಿಗೆ ಬಂದ್ರೆ ಹೆಂಗೋ ಮಾರಾಯ? ಡೆಲ್ಲಿಗೇ ಹೋಗಿ ಕಂಪ್ಲೇಂಟ್ ಕೊಡು." ಒಪ್ಪಿಕೊಂಡಿದ್ದ ಮದುವೆಯೊಂದರ ವಿಡಿಯೋ ಕೈತಪ್ಪಿತು. ಟೀ ಅಂಗಡಿಯ ಮುಂದೆ ಹಾದರೆ ಸಾಕು, "ಏನ್ ಪ್ರಸನ್ನ, ಕ್ಯಾಮೆರಾ ಬಂತಾ?" ಎಂದು ಯಾರಾದರೂ ಕೂಗುತ್ತಿದ್ದರು. ಅಂಥ ಒಂದು ಕೂಗಿನ ದಿನವೇ ಅವನಿಗೆ ಹೊಳೆಯಿತು: ದೆಹಲಿಯವನು ಸುಳ್ಳು ಹೇಳಿರಲಿಲ್ಲ, ಜಗಳವಾಡಿರಲಿಲ್ಲ, ಏನೂ ಮಾಡಿರಲಿಲ್ಲ. ಸುಮ್ಮನಿದ್ದ, ಅಷ್ಟೇ. ಮಾತು ಬೆಳ್ಳಿ ಮೌನ ಬಂಗಾರ ಅಂತ ಹಿರಿಯರು ಸುಮ್ಮನೆ ಹೇಳಿದರೇ?

ಹೀಗೆ ಮೋಸಹೋದವನು ಮೋಸ ಮಾಡಲು ಕೂತ. ಕೂತವನು ಅಪ್ಪ ಫಿಲ್ಮ್ ತೊಳೆಯುತ್ತಿದ್ದಷ್ಟೇ ಜಾಗರೂಕತೆಯಿಂದ ಕೂತ.

ಮೊದಲು ಬೇಕಾದದ್ದು ಒಂದು ಹೆಸರು. ಸ್ಟುಡಿಯೋದವನಿಗೆ ಹೆಸರಿಗೆ ಬರವೇ? ಪಾಸ್‌ಪೋರ್ಟ್ ಸೈಜಿನ ಫೋಟೋಗಳು ಡಬ್ಬಿಗಟ್ಟಲೆ ಉಳಿದಿರುತ್ತವೆ, ಪಕ್ಕದಲ್ಲೇ ಜೆರಾಕ್ಸ್ ಯಂತ್ರ, ಜನ ರೇಷನ್ ಕಾರ್ಡು ತಂದು ಒಂದು ಕಾಪಿ ಕೇಳಿದರೆ ಇವನು ಎರಡು ತೆಗೆದರೆ ಯಾರಿಗೆ ಗೊತ್ತಾಗುತ್ತದೆ! ಬದುಕಿರುವವರನ್ನು ಅವನು ನಂಬಲಿಲ್ಲ. ಬದುಕಿರುವವನು ಒಂದಲ್ಲ ಒಂದು ದಿನ ಎದುರಿಗೆ ಬಂದು ನಿಲ್ಲುತ್ತಾನೆ. ಹೊಳೆಹೊನ್ನೂರಿನ ಕರಿಯಣ್ಣ ತೀರಿಕೊಂಡಾಗ, ಹಾರ ಹಾಕಲು ದೊಡ್ಡ ಫೋಟೋ ಮಾಡಿಸಿಕೊಂಡು ಹೋಗಲು ಅವನ ಹೆಂಡತಿ ಚಿನ್ನಮ್ಮ ಬಂದಿದ್ದಳು. ಅದೇ ದಿನ ರೇಷನ್ ಕಾರ್ಡಿಗೂ ಜೆರಾಕ್ಸ್ ಮಾಡಿಸಿದ್ದಳು. ಕರಿಯಣ್ಣನ ಹೆಸರಿನಲ್ಲಿ ಒಂದು ಸಿಮ್ಮು ಬಂತು. ಟಾರ್ಗೆಟ್ ಮುಟ್ಟಿಸಲು ಅಂಗಡಿ ಅಂಗಡಿ ಸುತ್ತುತ್ತಿದ್ದ ಬ್ಯಾಂಕಿನ ಏಜೆಂಟನ ಮೂಲಕ ಒಂದು ಖಾತೆ, ಒಂದು ಎಟಿಎಂ ಕಾರ್ಡೂ ಬಂತು. ಸತ್ತವನು ಸಹಿ ಕೂಡ ಹಾಕಿದ, ಪ್ರಸನ್ನನ ಎಡಗೈಯಿಂದ.

ಮಾರುವ ಸಾಮಾನೂ ಕೈಗೆ ಹತ್ತಿರವೇ ಇತ್ತು. ರಿಪೇರಿಗೆಂದು ಗಿರಾಕಿಗಳು ಕೊಟ್ಟುಹೋಗುತ್ತಿದ್ದ ಕ್ಯಾಮೆರಾಗಳನ್ನು ನೀಲಿ ಮಖಮಲ್ಲಿನ ಮೇಲಿಟ್ಟು, ಬೆಳಕು ಬಿಟ್ಟು, ಫೋಟೋ ತೆಗೆಯುತ್ತಿದ್ದ. ಹೆಣ್ಣು ನೋಡಲು ಬರುವವರಿಗೆ ಕಳಿಸುವ ಫೋಟೋಗೆ ಎಷ್ಟು ಶ್ರದ್ಧೆ ಬೇಕೋ ಅಷ್ಟು ಶ್ರದ್ಧೆ ಇದಕ್ಕೂ. ಅವನ್ನೆಲ್ಲ ಸಂತೆಗೆ ಏರಿಸುವುದು ಮಾತ್ರ ಭದ್ರಾವತಿಯಿಂದಲ್ಲ. ಸೋಮವಾರ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗಿ, ಒಂದು ವಾರ ಬಸ್ ಸ್ಟ್ಯಾಂಡಿನ ಬಳಿಯ ಸೈಬರ್ ಸೆಂಟರು, ಮರುವಾರ ರಾಗಿಗುಡ್ಡದ ಕಡೆಯದು, ಹೀಗೆ ಬದಲಿಸುತ್ತಿದ್ದ. ಕನ್ನಡ ಬರುವವರಿಗೆ ಮಾರಲೇಕೂಡದು ಎಂಬುದು ಅವನ ನೇಮ. ಜೈಪುರ, ಪಟ್ನಾ, ನಾಗಪುರ, ಅಂಥ ಕಡೆಯವರೇ ಆಗಬೇಕು. ಅವರು ರೈಲು ಹತ್ತಿ ಇಲ್ಲಿಗೆ ಬರುವವರಲ್ಲ, ಬಂದರೂ ಅವರಿಗೆ ಸಿಗುವುದು ಕರಿಯಣ್ಣನ ಸಮಾಧಿ.

ಇಷ್ಟೆಲ್ಲದರಲ್ಲಿ ಅವನು ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡದ್ದು ಫೋನಿನ ವಿಷಯಕ್ಕೆ. ಬೇರೆ ಕಳ್ಳನಾಗಿದ್ದರೆ ಹಣ ಬಂದ ಕೂಡಲೆ ಸಿಮ್ಮು ಮುರಿದು ಭದ್ರಾ ಹೊಳೆಗೆ ಎಸೆಯುತ್ತಿದ್ದ. ಪೆದ್ದು! ಫೋನು ಸ್ವಿಚ್ ಆಫ್ ಎಂದರೆ ಗಿರಾಕಿ ಆ ಕ್ಷಣವೇ ಠಾಣೆಗೆ ಓಡುತ್ತಾನೆ. ರಿಂಗ್ ಆಗುತ್ತಿದ್ದರೆ ಕಾಯುತ್ತಾನೆ. ನಾಳೆ ಎತ್ತಬಹುದು, ನಾಡಿದ್ದು ಎತ್ತಬಹುದು ಅಂತ ತಿಂಗಳುಗಟ್ಟಲೆ ಕಾಯುತ್ತಾನೆ. ಹಾಗೆ ಕಾದ ಅನುಭವ ಪ್ರಸನ್ನನಿಗಿತ್ತಲ್ಲ. ಅದಕ್ಕೇ ಕರಿಯಣ್ಣನ ಫೋನು ಸದಾ ಚಾರ್ಜಿನಲ್ಲಿ, ಸೈಲೆಂಟಿನಲ್ಲಿ, ಸ್ಟುಡಿಯೋದ ಹಿಂದಿನ ಡಾರ್ಕ್ ರೂಮಿನಲ್ಲಿ ಇರುತ್ತಿತ್ತು. ಡಿಜಿಟಲ್ ಬಂದ ಮೇಲೆ ಆ ಕೋಣೆಗೆ ಕೆಲಸವಿರಲಿಲ್ಲ. ಬೀಗ ಹಾಕಿದರೆ ಅನುಮಾನ ಬರುತ್ತದೆ, ಹಾಕದಿದ್ದರೆ ಅದು ಬರೀ ಹಳೇ ಸಾಮಾನಿನ ಕೋಣೆ. ಹಾಕಲಿಲ್ಲ. ಗಿರಾಕಿಗೆ ಏನಾದರೂ ಹೇಳಬೇಕಾದರೆ ಮೀಟಿಂಗಿನಲ್ಲಿದ್ದೇನೆ, ಮೇಲ್ ಮಾಡಿ ಎಂದು ಇಂಗ್ಲಿಷಿನಲ್ಲಿ ಒಂದು ಎಸ್ಸೆಮ್ಮೆಸ್ಸು. ಧ್ವನಿ ಯಾರಿಗೂ ಕೇಳಿಸಕೂಡದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಹೆಂಡತಿ ದಾಕ್ಷಾಯಣಿಗೂ ಅವನು ಸುಳಿವು ಕೊಡಲಿಲ್ಲ. ಮಧ್ಯಾಹ್ನದ ಮೇಲೆ ಕೌಂಟರಿನಲ್ಲಿ ಕೂರುತ್ತಿದ್ದ ಅವಳು ಮಾತಿನ ಮಲ್ಲಿ. ಫೋಟೋಗೆ ಬಂದವರ ಮನೆಯ ಸೊಸೆ ಬಸುರಿಯೇ, ಎಮ್ಮೆ ಕರು ಹಾಕಿತೇ, ಎಲ್ಲಾ ವಿಚಾರಿಸಿಯೇ ಕಳಿಸುವವಳು. "ಈಚೀಚೆಗೆ ಯಾಕ್ರೀ ಹಿಂಗೆ ಸಿಡುಕ್ತೀರ? ಯಾರ್ ಬಂದ್ರೂ ಕಳ್ಳರ ಥರ ನೋಡ್ತೀರಲ್ಲ," ಎಂದು ಅವಳು ಒಂದು ದಿನ ಕೇಳಿಯೇಬಿಟ್ಟಳು.

"ವ್ಯಾಪಾರ ಇಲ್ಲ ಕಣೇ. ಅದೇ ಚಿಂತೆ," ಎಂದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಾಗಿತ್ತು ಅವನ ಪಾಡು. ಬ್ಯಾಂಕಿನ ಏಜೆಂಟು ಬೀದಿಯಲ್ಲಿ ಕೈಬೀಸಿದರೆ ಅನುಮಾನ, ಬೀಸದಿದ್ದರೆ ಇನ್ನೂ ಅನುಮಾನ. ಒಂದು ದಿನ ಚಿನ್ನಮ್ಮನೇ ಮೆಟ್ಟಿಲು ಹತ್ತಿ ಬಂದಳು. "ಯಜಮಾನ್ರುದು ಇನ್ನೊಂದು ಫೋಟೋ ಮಾಡ್ಕೊಡಪ್ಪ, ಮಗಳ ಮನೆಗೂ ಒಂದು ಇರ್ಲಿ," ಎಂದಳು. ಬೆವರು ಒರೆಸಿಕೊಳ್ಳುತ್ತ ಮಾಡಿಕೊಟ್ಟ, ಹಣ ತೆಗೆದುಕೊಳ್ಳಲಿಲ್ಲ. ಅವಳು ಕೈಮುಗಿದು, "ನಿನ್ ಹೊಟ್ಟೆ ತಣ್ಣಗಿರ್ಲಿ," ಎಂದು ಹರಸಿ ಹೋದಳು.

ವ್ಯಾಪಾರವಂತೂ ಅವನು ಎಣಿಸಿದ್ದಕ್ಕಿಂತ ಸಲೀಸಾಗಿತ್ತು. ಅದರಲ್ಲೂ ದೀಪಾವಳಿ ಕಳೆದ ಮೇಲೆ ಜನ ಹೆಚ್ಚು ಪ್ರಶ್ನೆ ಕೇಳದೆ ಹಣ ಕಟ್ಟುತ್ತಿದ್ದರು. ತನ್ನ ಇಂಗ್ಲಿಷ್ ಪಳಗಿತು ಎಂದುಕೊಂಡ. ನಾಗಪುರದ ಮೇಷ್ಟ್ರೊಬ್ಬರು, ಕೆಲಸ ಬಿಟ್ಟು ಕೂತ ಅಳಿಯನಿಗೆ ಮದುವೆ ವಿಡಿಯೋ ತೆಗೆಯುವ ದಾರಿ ಮಾಡಿಕೊಡಲು ಕ್ಯಾಮೆರಾ ಕೊಂಡರು. ಅವರ ಮೇಲ್‌ಗಳೂ ಅದೇ ಮೆಟ್ಟಿಲುಗಳನ್ನು ಇಳಿದವು. ಡಿಯರ್ ಸರ್, ಸರ್, ಬೈಗುಳ, ಅಂಗಲಾಚಿಕೆ. ಪ್ರಸನ್ನ ಅವನ್ನು ಅಡುಗೆಯ ಹದ ನೋಡುವವನಂತೆ ಓದುತ್ತಿದ್ದ. ಒಂದು ಸೋಮವಾರ ಮಾತ್ರ ಪರದೆಯ ಮೇಲೆ 'ತಾವು ಆರೋಗ್ಯವಾಗಿದ್ದೀರಿ ಎಂದು ನಂಬಿದ್ದೇನೆ' ಎಂದು ಕಂಡಿತು. ಅವನಿಗೆ ನಾಚಿಕೆಯಾಯಿತು. ಉತ್ತರ ಬರೆಯಲು ಬೆರಳೂ ಎತ್ತಿದ. ಆಮೇಲೆ ಟೀ ಅಂಗಡಿಯ ಕೂಗು ನೆನಪಾಗಿ ಆ ಮೇಲನ್ನೇ ಅಳಿಸಿಹಾಕಿ ಎದ್ದುಬಂದ.

ಅದಾಗಿ ಕೆಲವು ವಾರಕ್ಕೆ, ಒಂದು ಮಧ್ಯಾಹ್ನ, ಕಾಟನ್ ಸೀರೆಯುಟ್ಟ ಹೆಂಗಸೊಬ್ಬಳು ಸ್ಟುಡಿಯೋಗೆ ಬಂದು ಬೆಂಚಿನ ಮೇಲೆ ಕೂತಳು. ಬಾಗಿಲ ಬಳಿ ಇಬ್ಬರು ಗಂಡಸರು ನಿಂತರು.

"ನಾನು ಬಸವರಾಜೇಶ್ವರಿ, ಶಿವಮೊಗ್ಗದಲ್ಲಿ ಎಸ್ಸೈ. ಹೊಳೆಹೊನ್ನೂರಿನ ಕರಿಯಣ್ಣ ಅಂತ ಗೊತ್ತಾ ನಿಮ್ಗೆ?"

ಈ ಪ್ರಶ್ನೆಗೆ ಅವನು ಎಂದೋ ಉತ್ತರ ಹೆಣೆದಿಟ್ಟಿದ್ದ. "ಗೊತ್ತು ಮೇಡಂ. ತೀರ್ಕೊಂಡ್ರು ಪಾಪ. ಅವರ ಫೋಟೋ ನಾವೇ ಮಾಡಿದ್ದು. ಯಾಕೆ ಮೇಡಂ?"

"ಅವರ ಹೆಸರಲ್ಲಿ ಯಾರೋ ಆನ್‌ಲೈನಲ್ಲಿ ಕ್ಯಾಮೆರಾ ಮಾರ್ತೀನಿ ಅಂತ ದುಡ್ಡು ತಗೊಂಡು ಸುಮ್ಮನಾಗಿದಾರೆ."

"ಅಯ್ಯೋ! ಸತ್ತೋರ ಹೆಸರಲ್ಲಾ? ಜೆರಾಕ್ಸ್ ಅಂಗಡಿ ಊರ್ ತುಂಬಾ ಇದಾವೆ ಮೇಡಂ, ಯಾರ್ ಕೈಗೆ ಸಿಕ್ತೋ ಏನೋ."

"ಅದೇ ಕಷ್ಟ ಆಗಿದ್ದು," ಎಂದು ಅವಳು ಒಪ್ಪಿಕೊಂಡಳು. "ಸಿಮ್ಮು, ಬ್ಯಾಂಕು, ಸೈಬರ್ ಸೆಂಟರು, ಎಲ್ಲಾ ಜಾಲಾಡಿದ್ವಿ. ಎಲ್ಲಾ ಹೋಗಿ ಆ ಕರಿಯಣ್ಣನ ಸಮಾಧಿ ಹತ್ರ ನಿಂತ್ಬಿಡ್ತು. ಬುದ್ಧಿವಂತ ಇದಾನೆ."

ಪ್ರಸನ್ನನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ದಾಕ್ಷಾಯಣಿ ಕಾಫಿ ತಂದಿಟ್ಟು ಅಲ್ಲೇ ಕಂಬಕ್ಕೊರಗಿ ಕಿವಿಗೊಟ್ಟು ನಿಂತಳು.

"ನಾಗಪುರದ ಮೇಷ್ಟ್ರು ಒಬ್ರು ಬರ್ದಿದ್ರು," ಬಸವರಾಜೇಶ್ವರಿ ಲೋಟ ಎತ್ತಿಕೊಂಡಳು. "ಫೋನ್ ಮಾಡಿದ್ರೆ ಆಫೀಸಿನ ಹೆಣ್ಮಗಳು ಏನೋ ಮರ್ಯಾದೆಯಿಂದ ಹೇಳ್ತಾಳೆ, ಅದಕ್ಕೇ ನಂಬಿ ದುಡ್ಡು ಕಟ್ಟಿದೆ, ಅವಳ ಭಾಷೆ ಮಾತ್ರ ನಮಗೆ ಅರ್ಥ ಆಗಲ್ಲ ಅಂತ. ಇಷ್ಟು ದಿನ ಆ ನಂಬರ್ ಯಾರದು ಅಂತ ಹುಡುಕಿದ್ವೇ ಹೊರತು, ನಮ್ಮಲ್ಲಿ ಒಬ್ರೂ ಅದಕ್ಕೆ ಒಂದು ಫೋನ್ ಮಾಡಿರ್ಲಿಲ್ಲ ನೋಡಿ. ನಿನ್ನೆ ಮಾಡಿದೆ." ಅವಳು ಮೊಬೈಲಿನ ಸ್ಪೀಕರ್ ಒತ್ತಿ ಬೆಂಚಿನ ಮೇಲಿಟ್ಟಳು.

ರಿಂಗ್ ಶಬ್ದ ಬರಲಿಲ್ಲ. ಬಂದದ್ದು ದಾಕ್ಷಾಯಣಿಯ ದನಿ, ಸ್ಪಷ್ಟವಾಗಿ, ನಗುನಗುತ್ತ: "ನಮಸ್ಕಾರ! ಭದ್ರಾವತಿ ಓಲ್ಡ್ ಟೌನ್ ಷಣ್ಮುಖ ಸ್ಟುಡಿಯೋಗೆ ಸ್ವಾಗತ. ಮದುವೆ, ಸೀಮಂತ, ಗೃಹಪ್ರವೇಶಕ್ಕೆ ಫೋಟೋ ವಿಡಿಯೋ ಮಾಡ್ಕೊಡ್ತೀವಿ. ಯಜಮಾನ್ರು ಪ್ರಸನ್ನಕುಮಾರ್ ಈಗ ಬರ್ತಾರೆ, ದಯವಿಟ್ಟು ಲೈನಲ್ಲಿರಿ." ಮುಗಿದದ್ದೇ ಮತ್ತೆ ಮೊದಲಿನಿಂದ ಶುರುವಾಯಿತು. ಅವನು ಆ ಫೋನಿನಿಂದ ಎಸ್ಸೆಮ್ಮೆಸ್ಸು ಕಳಿಸಿದ್ದ, ಬಂದ ಕರೆಗಳು ಮಿಣುಕುವುದನ್ನು ನೋಡುತ್ತ ಕೂತಿದ್ದ, ಆದರೆ ರಿಂಗಿನ ಬದಲು ಕರೆ ಮಾಡಿದವರಿಗೆ ಕೇಳುವ ಕಾಲರ್ ಟ್ಯೂನ್ ಫೋನಿನವನಿಗೇ ಕೇಳಿಸುವುದಿಲ್ಲವಲ್ಲ, ಆ ನಂಬರಿಗೆ ಹೊರಗಿನಿಂದ ಒಮ್ಮೆಯೂ ಫೋನ್ ಮಾಡಿ ನೋಡಿರಲಿಲ್ಲ. "ಅಯ್ಯೋ, ನಂದೇ ವಾಯ್ಸು!" ದಾಕ್ಷಾಯಣಿ ಹಿಗ್ಗಿಹೋದಳು. "ದೀಪಾವಳಿ ಆದ್ಮೇಲೆ ಒಂದ್ ಸೋಮವಾರ, ನೀವು ಶಿವಮೊಗ್ಗಕ್ಕೆ ಹೋದಾಗ, ಅಂಗಡಿ ಪೂಜೆ ಮಾಡಿ ಡಾರ್ಕ್ ರೂಮಿಗೂ ಧೂಪ ಹಾಕೋಕೆ ಹೋಗಿದ್ದೆ ಕಣ್ರೀ. ಹೊಸ ಫೋನು ಮಿಣಿಮಿಣಿ ಅಂತಿತ್ತು. ಎತ್ತಿದ್ರೆ ಕಂಪನಿಯೋರು, ನಿಮ್ಮ ಧ್ವನೀಲೇ ಟ್ಯೂನ್ ಹಾಕ್ಬಹುದು, ಒಂದು ಒತ್ತಿ ಅಂದ್ರು. ವ್ಯಾಪಾರ ಇಲ್ಲ ವ್ಯಾಪಾರ ಇಲ್ಲ ಅಂತ ನೀವು ಕೊರಗ್ತಿದ್ರಲ್ಲ, ನಾಲ್ಕು ಗಿರಾಕಿ ಬರ್ಲಿ ಅಂತ ಹೇಳ್ಬಿಟ್ಟೆ. ನೀವಾಗೇ ಕೇಳಿ ಹೇಳ್ತೀರ ಅಂತ ಕಾಯ್ತಿದ್ದೆ." ಬಾಗಿಲ ಬಳಿಯಿದ್ದ ಇಬ್ಬರೂ ಒಳಗೆ ಬಂದರು. ಅವಳು ಅವರನ್ನು ನೋಡಿದಳು, ಗಂಡನ ಮುಖ ನೋಡಿದಳು, ನಗು ಅರ್ಧಕ್ಕೇ ನಿಂತಿತು. "ಯಾಕ್ರೀ, ಚೆನ್ನಾಗಿಲ್ವಾ?"